ಸಿನಿಮಾ ಶುರುವಿನಲ್ಲಿ ಬರುವ ಆ ಕಾರ್ಟೂನ್ ಟೈಟಲ್‌ಗಳು: ನಿಮಗೆ ಯಾವುದು ನೆನಪಿದೆ?

ಸಾಗರದ_ಮಳೆ
ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಮಳೆ ಬಿಟ್ಟಿರಲಿಲ್ಲ. ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು 1963ರ 'ದಿ ಪಿಂಕ್ ಪ್ಯಾಂಥರ್' ಹಾಕಿದೆ. ಶುರುವಿನಲ್ಲೇ ಆ ಗುಲಾಬಿ ಬಣ್ಣದ ಚಿರತೆ ಬಂತು. ನಟರ ಹೆಸರುಗಳ ನಡುವೆ ನುಸುಳುತ್ತದೆ, ಅಕ್ಷರಗಳನ್ನು ಕೆಣಕುತ್ತದೆ, ಠೀವಿಯಿಂದ ನಡೆಯುತ್ತದೆ. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಿಜವಾದ ಮನುಷ್ಯರು ಬಂದರು. ಹತ್ತು ನಿಮಿಷ ಸುಮ್ಮನಿದ್ದು ಕೇಳಿದಳು: "ಅಮ್ಮಾ, ಚಿರತೆ ಎಲ್ಲಿ ಹೋಯ್ತು?"

ಏನು ಹೇಳಬೇಕೋ ಗೊತ್ತಾಗಲಿಲ್ಲ. ಬರುತ್ತದೆ ಇರು ಅಂದೆ. ಪಾಪ, ಪೂರ್ತಿ ಸಿನಿಮಾ ಕಾದಳು. ಕೊನೆಯ ದೃಶ್ಯದಲ್ಲಿ ಚಿರತೆ ಒಂದೇ ಒಂದು ಸಲ ವಾಪಸ್ ಬಂದು 'ದಿ ಎಂಡ್' ಫಲಕ ಹಿಡಿದು ನಿಂತಾಗ ಚಪ್ಪಾಳೆ ತಟ್ಟಿದಳು.

ಅವತ್ತಿನಿಂದ ನನ್ನ ತಲೆಯಲ್ಲೂ ಅದೇ ಕೊರೆಯುತ್ತಿದೆ. ಮನುಷ್ಯರು ನಟಿಸಿದ ಸಿನಿಮಾಕ್ಕೆ ಚಿತ್ರ ಬರೆದು ಟೈಟಲ್ ಯಾಕೆ ಮಾಡುತ್ತಾರೆ? ಅಷ್ಟೊಂದು ಶ್ರಮ ಎರಡು ಮೂರು ನಿಮಿಷಕ್ಕೆ! ನಿಮಗೆ ನೆನಪಿರುವಂಥದ್ದು ಯಾವುದು? ನಮ್ಮಲ್ಲಿ ಯಾಕೆ ಕಡಿಮೆ?

ಬೆಣ್ಣೆದೋಸೆ
ಅಕ್ಕ, ಪಿಂಕ್ ಪ್ಯಾಂಥರ್ ಕಾರ್ಟೂನ್ ಮೊದಲೇ ಫೇಮಸ್ ಆಗಿತ್ತಲ್ವಾ? ಅದಕ್ಕೇ ಸಿನಿಮಾದವರು ಎತ್ತಿ ಹಾಕಿಕೊಂಡರು.

ಹಡ್ಸನ್_ಕನ್ನಡಿಗ
ಇಲ್ಲ, ತಿರುವುಮುರುವು. ಮೊದಲು ಸಿನಿಮಾದ ಟೈಟಲ್, ಆಮೇಲೆ ಕಾರ್ಟೂನ್. ಸಿನಿಮಾದಲ್ಲಿ 'ಪಿಂಕ್ ಪ್ಯಾಂಥರ್' ಅನ್ನುವುದು ಒಂದು ವಜ್ರದ ಹೆಸರು. ಅದರೊಳಗಿನ ಒಂದು ದೋಷ ಜಿಗಿಯುವ ಚಿರತೆಯಂತೆ ಕಾಣುತ್ತದೆ. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಟೈಟಲ್ ಕೆಲಸವನ್ನು ಡಿಪಾಟಿ-ಫ್ರೆಲೆಂಗ್ ಸಂಸ್ಥೆಗೆ ಕೊಟ್ಟರು. ಫ್ರಿಜ್ ಫ್ರೆಲೆಂಗ್ ಅವರು ಬಗ್ಸ್ ಬನ್ನಿ ಕಾರ್ಟೂನ್‌ಗಳನ್ನು ಮಾಡಿ ಪಳಗಿದವರು. ಜನರಿಗೆ ಟೈಟಲ್‌ನ ಚಿರತೆ ಎಷ್ಟು ಹಿಡಿಸಿತು ಅಂದರೆ, ಮರುವರ್ಷವೇ ಅದಕ್ಕೆ ಸ್ವಂತ ಕಾರ್ಟೂನ್ ಬಂತು. 1964ರ ಆ ಮೊದಲ ಕಾರ್ಟೂನ್ 'ದಿ ಪಿಂಕ್ ಫಿಂಕ್' ಆಸ್ಕರ್ ಗೆದ್ದಿತು. ನಾವು ಚಿಕ್ಕವರಿದ್ದಾಗ ನೋಡಿದ್ದೆಲ್ಲ ಆಮೇಲಿನದು.

ಬೆಣ್ಣೆದೋಸೆ
ಹೌದಾ! ಇಷ್ಟು ವರ್ಷ ಉಲ್ಟಾ ತಿಳಿದುಕೊಂಡಿದ್ದೆ. ಅಂದರೆ ಟೈಟಲ್ ಕಾರ್ಡಿನಲ್ಲಿ ಹುಟ್ಟಿದ ಪಾತ್ರ ಅದು. ಥ್ಯಾಂಕ್ಸ್ ಅಣ್ಣ.

ಮೈಸೂರುಮಲ್ಲಿಗೆ
ಆ ಸ್ಯಾಕ್ಸೋಫೋನ್ ಮರೆಯಬೇಡಿ. ಹೆನ್ರಿ ಮಾನ್ಸಿನಿ ಸಂಗೀತ, ನುಡಿಸಿದವರು ಪ್ಲಾಸ್ ಜಾನ್ಸನ್. ಕಣ್ಣು ಮುಚ್ಚಿ ಕೇಳಿದರೂ ಯಾರೋ ತುದಿಗಾಲಲ್ಲಿ ನಡೆಯುತ್ತಿದ್ದಾರೆ ಅನ್ನಿಸುತ್ತದೆ. ಸಂಗೀತ ತೆಗೆದು ಬರೀ ಚಿತ್ರ ನೋಡಿ, ಅರ್ಧ ಜೀವ ಹೋಗಿರುತ್ತದೆ.

ರೀಲುಡಬ್ಬ
ಒಳ್ಳೆಯ ವಿಷಯ ಎತ್ತಿದಿರಿ ತಾಯಿ. ನಮ್ಮ ತಂದೆ ತುಮಕೂರು ಕಡೆ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. 'ನಮೋ ವೆಂಕಟೇಶ' ಹಾಡು ಮೈಕಿನಲ್ಲಿ ಕೇಳಿಸಿತು ಅಂದರೆ ಇಡೀ ಊರು ಟೆಂಟಿನ ಕಡೆ ಓಡುತ್ತಿತ್ತು. ಆದರೆ ಎಲ್ಲರೂ ಒಳಗೆ ಬಂದು ಮರಳಿನ ಮೇಲೆ ಕೂರುವಷ್ಟರಲ್ಲಿ ಟೈಟಲ್ ಮುಗಿದಿರುತ್ತಿತ್ತು. ಹೆಸರುಗಳು ಓಡುವ ಹೊತ್ತು ಅಂದರೆ ಜಾಗ ಹುಡುಕುವ ಹೊತ್ತು, ಕಡಲೆಕಾಯಿ ಪೊಟ್ಟಣ ಬಿಚ್ಚುವ ಹೊತ್ತು. ಅದನ್ನು ಯಾರೂ ಸಿನಿಮಾದ ಭಾಗ ಅಂತ ತಿಳಿದಿರಲಿಲ್ಲ.

ಅಮೆರಿಕದಲ್ಲೂ ಹೀಗೇ ಇತ್ತು. ಅಲ್ಲಿ ದೊಡ್ಡ ಥಿಯೇಟರುಗಳಲ್ಲಿ ಟೈಟಲ್ ಓಡುವಾಗ ಪರದೆಯ ಮುಂದಿನ ಬಟ್ಟೆಯನ್ನೇ ಸರಿಸುತ್ತಿರಲಿಲ್ಲ. ಹೆಸರುಗಳು ಬಟ್ಟೆಯ ಮೇಲೆ ಓಡಿ ಮುಗಿಯುತ್ತಿದ್ದವು. 1955ರಲ್ಲಿ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಬಂದಾಗ ರೀಲಿನ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ ಕಳಿಸಿದ್ದರು: ಟೈಟಲ್ ಶುರುವಾಗುವ ಮೊದಲೇ ಪರದೆ ಸರಿಸಿ. ಯಾಕೆಂದರೆ ಆ ಟೈಟಲ್ ಮಾಡಿದವರು ಸಾಲ್ ಬ್ಯಾಸ್. ಕಪ್ಪು ಹಿನ್ನೆಲೆ. ಬಿಳಿ ಪಟ್ಟಿಗಳು ಒಂದೊಂದಾಗಿ ಜಾರಿ ಬರುತ್ತವೆ, ಕೊನೆಗೆ ಅವೆಲ್ಲ ಸೇರಿ ತಿರುಚಿದ ಒಂದು ತೋಳಾಗುತ್ತದೆ. ಕಥೆ ಮಾದಕ ವಸ್ತುವಿನ ಚಟಕ್ಕೆ ಬಿದ್ದವನದು. ಸೂಜಿ ತೋರಿಸದೆ, ರಕ್ತ ತೋರಿಸದೆ, ಕಾಗದದಲ್ಲಿ ಕತ್ತರಿಸಿದಂಥ ಒಂದು ತೋಳಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕ್ಯಾಮೆರಾ ಎದುರಿಗೆ ಇರುವುದನ್ನು ತೋರಿಸುತ್ತದೆ. ಗೆರೆ ಬೇಕಾದ್ದನ್ನು ಮಾತ್ರ ತೋರಿಸುತ್ತದೆ. ಕಥೆಯ ಸ್ವಭಾವ ಏನು ಅಂತ ಮೊದಲ ನಿಮಿಷದಲ್ಲೇ ಹೇಳಬೇಕಾದರೆ ಗೆರೆಯೇ ಸರಿ.

ಹತ್ತುನಿಮಿಷ
ಯಾರೂ ಬೇಜಾರಾಗಬೇಡಿ. ನಾನು ಎಲ್ಲ ಟೈಟಲ್‌ಗಳನ್ನೂ ಸ್ಕಿಪ್ ಮಾಡುತ್ತೇನೆ. ಒಂದು ಸೀಸನ್‌ನಲ್ಲಿ ಹತ್ತು ಎಪಿಸೋಡ್. ಒಂದೂವರೆ ನಿಮಿಷದ ಟೈಟಲ್ ಹತ್ತು ಸಲ ನೋಡಿದರೆ 15 ನಿಮಿಷ ಹೋಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಅದು ಕಡಿಮೆ ಹೊತ್ತಲ್ಲ.

ಹಡ್ಸನ್_ಕನ್ನಡಿಗ
ನೀವೊಬ್ಬರೇ ಅಲ್ಲ. ನೆಟ್‌ಫ್ಲಿಕ್ಸ್ 2017ರಲ್ಲಿ 'ಸ್ಕಿಪ್ ಇಂಟ್ರೋ' ಬಟನ್ ತಂದಿತು. ದಿನಕ್ಕೆ 13.6 ಕೋಟಿ ಸಲ ಜನ ಅದನ್ನು ಒತ್ತುತ್ತಾರೆ ಅಂತ 2022ರಲ್ಲಿ ಆ ಕಂಪನಿಯೇ ಹೇಳಿಕೊಂಡಿತು.

ಮೈಸೂರುಮಲ್ಲಿಗೆ
ದಿನಕ್ಕೆ 13.6 ಕೋಟಿ ಸಲವಾ! ಓದಿ ಹೊಟ್ಟೆ ಉರಿಯಿತು. ಯಾರೋ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು.

ಹತ್ತುನಿಮಿಷ
ಮೊದಲ ಎಪಿಸೋಡ್‌ನಲ್ಲಿ ಪೂರ್ತಿ ನೋಡುತ್ತೇನೆ ಅಕ್ಕ. ಪ್ರತಿ ಸಲವೂ ಅದೇ ಆದರೆ ಯಾಕೆ ನೋಡಬೇಕು? ಸಿನಿಮಾದ ಟೈಟಲ್ ಬೇರೆ, ಸೀರಿಯಲ್ ಟೈಟಲ್ ಬೇರೆ.

ಕಡಲತಡಿ
'ಗೇಮ್ ಆಫ್ ಥ್ರೋನ್ಸ್' ಟೈಟಲ್ ಪ್ರತಿ ಸಲ ಅದೇ ಅಲ್ಲ ಮಾರಾಯ! ಭೂಪಟದ ಮೇಲೆ ಚಕ್ರ, ಹಲ್ಲುಗಾಲಿಗಳು ತಿರುಗಿ ಊರುಗಳು ಎದ್ದು ನಿಲ್ಲುತ್ತವಲ್ಲ, ಆ ದಿನದ ಕಥೆಯಲ್ಲಿ ಯಾವ ಊರು ಬರುತ್ತದೋ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ನೂರಾರು ಪಾತ್ರ, ಹತ್ತಾರು ಊರು. ಮೊದಮೊದಲು ನನಗೆ ಯಾವ ಊರು ಎಲ್ಲಿದೆ ಅಂತ ತಲೆಬುಡ ಗೊತ್ತಾಗುತ್ತಿರಲಿಲ್ಲ. ಟೈಟಲ್ ನೋಡಿ ನೋಡಿಯೇ ಉತ್ತರ ಯಾವುದು, ದಕ್ಷಿಣ ಯಾವುದು ಅಂತ ಗೊತ್ತಾಯಿತು. 2011ರಲ್ಲಿ ಟೈಟಲ್ ವಿನ್ಯಾಸಕ್ಕೇ ಎಮ್ಮಿ ಪ್ರಶಸ್ತಿ ಬಂತು. ಮಾಡಿದ್ದು ಎಲಾಸ್ಟಿಕ್ ಅನ್ನುವ ಸ್ಟುಡಿಯೋ, ಏಂಗಸ್ ವಾಲ್ ಅವರ ತಂಡ. ಅದನ್ನೂ ಸ್ಕಿಪ್ ಮಾಡಿದಿರಾ?

ಹತ್ತುನಿಮಿಷ
ಮಾಡಿದ್ದೆ. ಈಗ ಗೊತ್ತಾಯಿತು ನನಗೆ ಯಾಕೆ ಆ ಊರುಗಳು ಕೊನೆವರೆಗೂ ಗೊಂದಲ ಅಂತ. ಈ ವಾರ ಮತ್ತೆ ಶುರುವಿನಿಂದ ನೋಡುತ್ತೇನೆ.

ಕಬ್ಬಿನಗದ್ದೆ
ನಮ್ಮಲ್ಲಿ ಯಾಕೆ ಕಡಿಮೆ ಅಂತ ಕೇಳಿದಿರಲ್ಲ. ನಮ್ಮಲ್ಲಿ ಟೈಟಲ್ ಅಂದರೆ ಹೀರೋ ಹೆಸರು. ಮಂಡ್ಯದಲ್ಲಿ ಫಸ್ಟ್ ಡೇ ಫಸ್ಟ್ ಶೋ ಕೂತು ನೋಡಿ. ಪರದೆ ಮೇಲೆ ಹೀರೋ ಹೆಸರು ಬರುವಾಗ ಶಿಳ್ಳೆ, ಕಾಗದದ ಚೂರು, ಎದ್ದು ಕುಣಿತ. ಆ ಒಂದು ಕಾರ್ಡಿಗೆ ಮ್ಯೂಸಿಕ್ ಬೇರೆ, ಗ್ರಾಫಿಕ್ಸ್ ಬೇರೆ. ಅಲ್ಲಿ ಚಿರತೆ ಬಂದು ಹೆಸರಿನ ಮೇಲೆ ನಡೆದರೆ ಅಭಿಮಾನಿಗಳು ಸುಮ್ನೆ ಬಿಡ್ತಾರಾ? ಅದು ನಮ್ಮ ರೀತಿ, ಅದರಲ್ಲೂ ಒಂದು ಸಂಭ್ರಮ ಇದೆ. ಅವರದ್ದೇ ಮೇಲು ಅಂತ ಯಾಕೆ ಅಂದುಕೊಳ್ಳಬೇಕು?

ರೀಲುಡಬ್ಬ
ಮೇಲು ಕೀಳು ಯಾರೂ ಅಂದಿಲ್ಲ ತಮ್ಮ. ಆ ಶಿಳ್ಳೆ ನನಗೂ ಇಷ್ಟ. ಆದರೆ ಅದು ಒಂದು ಹೆಸರಿಗೆ. ಮಿಕ್ಕ ಐವತ್ತು ಹೆಸರುಗಳಿಗೆ?

ಕಬ್ಬಿನಗದ್ದೆ
ಅದು ಸರಿ ಸರ್. ಲೈಟ್‌ಬಾಯ್‌ಗಳ ಹೆಸರು ಓದುವವರು ಯಾರೂ ಇಲ್ಲ.

ಮೈಸೂರುಮಲ್ಲಿಗೆ
ನಮ್ಮಲ್ಲಿ ಇಲ್ಲ ಅಂತ ಯಾರು ಹೇಳಿದ್ದು? 'ಮಾಲ್ಗುಡಿ ಡೇಸ್'! ಆರ್.ಕೆ. ನಾರಾಯಣ್ ಬರೆದ ಕಥೆ, ಟೈಟಲ್‌ಗೆ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರ, ನಿರ್ದೇಶನ ಶಂಕರ್ ನಾಗ್, ಸಂಗೀತ ಎಲ್. ವೈದ್ಯನಾಥನ್. 1986ರಲ್ಲಿ ದೂರದರ್ಶನದಲ್ಲಿ ಆ ರಾಗ ಶುರುವಾದರೆ ನಮ್ಮ ವಠಾರದ ಅಷ್ಟೂ ಮಕ್ಕಳು ಒಂದೇ ಮನೆಯ ಹಜಾರದಲ್ಲಿ. ಟಿವಿ ಇದ್ದದ್ದು ಅವರಲ್ಲಿ ಮಾತ್ರ. ಲಕ್ಷ್ಮಣ್ ಅವರ ಗೆರೆ ನೋಡಿದ ಕೂಡಲೇ ಇದು ನಮ್ಮೂರು ಅನ್ನಿಸುತ್ತಿತ್ತು. ಆ ಅಣ್ಣತಮ್ಮ ಇಬ್ಬರೂ ನಮ್ಮ ಮೈಸೂರಿನಲ್ಲಿ ಇದ್ದವರು. ಆ ಗೆರೆಯಲ್ಲಿ ನಮ್ಮ ಬೀದಿ ಕಾಣುತ್ತದೆ.

ಗೆರೆಗಾರ
ಮೋಷನ್ ಗ್ರಾಫಿಕ್ಸ್, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಚಿತ್ರ ಕುಣಿಸುವುದು ನನ್ನ ಹೊಟ್ಟೆಪಾಡು, ಅದಕ್ಕೇ ಹೇಳುತ್ತಿದ್ದೇನೆ. ಮಾಲ್ಗುಡಿ ಟೈಟಲ್ ನನಗೂ ಪ್ರಾಣ. ಆದರೆ ಅದು ಅನಿಮೇಷನ್ ಅಲ್ಲ. ಬರೆದ ಚಿತ್ರಗಳು ಒಂದಾದ ಮೇಲೆ ಒಂದು ಬರುತ್ತವೆ. ಗೆರೆ ತಾನಾಗಿ ಕದಲುವುದಿಲ್ಲ. ಅನಿಮೇಷನ್ ಅಂದರೆ ಒಂದೊಂದು ಚಲನೆಗೂ ಬೇರೆ ಬೇರೆ ಚಿತ್ರ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಎರಡು ನಿಮಿಷದ ಟೈಟಲ್‌ಗೆ 1,440 ಚಿತ್ರ ಆಯಿತು. ಅಷ್ಟನ್ನು ಕೈಯಲ್ಲಿ ಬರೆದವರ ಕೆಲಸವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಮೈಸೂರುಮಲ್ಲಿಗೆ
ತಕ್ಕಡಿ ಯಾಕೆ ತರುತ್ತೀರಿ? ನನ್ನ ಕಣ್ಣಿಗೆ ಅದು ಚಲಿಸುತ್ತದೆ. ಕಥೆಯ ಹುಡುಗ ಸ್ವಾಮಿ ಓಡುತ್ತಾನೆ. ಅಷ್ಟು ಸಾಕು.

ಗೆರೆಗಾರ
ನಿಮ್ಮ ಮನಸ್ಸಿನಲ್ಲಿ ಓಡುತ್ತಾನೆ ಅಕ್ಕ. ಅದು ಲಕ್ಷ್ಮಣ್ ಅವರ ಗೆರೆಯ ಶಕ್ತಿ. ಆ ಶಕ್ತಿಯನ್ನು ಒಪ್ಪುತ್ತೇನೆ, ಹೆಸರು ಮಾತ್ರ ಬೇರೆ ಇರಲಿ ಅನ್ನುತ್ತೇನೆ.

ರೀಲುಡಬ್ಬ
ಇಬ್ಬರದ್ದೂ ಸರಿ. ಆ ಕಾಲದಲ್ಲಿ ಇಂಥ ಕೆಲಸಕ್ಕೆ ಬಳಸುತ್ತಿದ್ದದ್ದು ರೋಸ್ಟ್ರಮ್ ಕ್ಯಾಮೆರಾ. ಕೆಳಗೆ ಮೇಜು, ಮೇಜಿನ ಮೇಲೆ ಚಿತ್ರ, ನೆತ್ತಿಯ ಮೇಲೆ ಕೆಳಮುಖವಾಗಿ ನಿಂತ ಕ್ಯಾಮೆರಾ. ಕಾರ್ಟೂನ್ ತೆಗೆಯುವುದೂ ಅದೇ ಮೇಜಿನ ಮೇಲೆ. ನಿಂತ ಚಿತ್ರದ ಮೇಲೆ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು ಫ್ರೇಮ್ ತೆಗೆಯುವುದೂ ಅಲ್ಲೇ. ಒಂದೇ ಮನೆಯ ಅಕ್ಕತಂಗಿ ಅಂದುಕೊಳ್ಳಿ.

ಸಾಗರದ_ಮಳೆ
ಮಾಲ್ಗುಡಿ ಅಂದರೆ ನಮ್ಮ ಪಕ್ಕದ್ದೇ. ಶೂಟಿಂಗ್ ಆಗುಂಬೆಯಲ್ಲಿ. ರೈಲು ನಿಲ್ದಾಣ ಅರಸಾಳು. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಈ ಕಡೆ ಬಂದವರು ಹೋಗಿ ನೋಡಿ.

ಬೆಣ್ಣೆದೋಸೆ
ಅರಸಾಳಿಗೆ ಹೋಗಿದ್ದೆ. ಮಳೆಗಾಲದಲ್ಲಿ ಹೋಗಬೇಕು. ಹಂಚಿನ ಮಾಡು, ಸುತ್ತ ಹಸಿರು, ಯಾವಾಗಲೋ ಒಂದು ರೈಲು. ಆಗುಂಬೆಯಲ್ಲಿ ಶೂಟಿಂಗ್ ನಡೆದ ಆ ದೊಡ್ಡಮನೆಯಲ್ಲಿ ಕಷಾಯ ಕುಡಿದು ಬಂದೆವು.

ಕಡಲತಡಿ
ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು! ಕಷಾಯ ಆಮೇಲೆ. ಹಿಂದಿ ಸಿನಿಮಾದಲ್ಲಿ ನಿಜವಾದ ಅನಿಮೇಷನ್ ಬಂದದ್ದು ಯಾರಿಗಾದರೂ ಗೊತ್ತಾ?

ಗೆರೆಗಾರ
ರಾಮ್ ಮೋಹನ್ ಅವರ ಹೆಸರು ಹೇಳಲೇಬೇಕು. ಭಾರತದ ಅನಿಮೇಷನ್‌ಗೆ ಗುರು ಇದ್ದಂತೆ. 1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್ ಕಾರ್ಟೂನ್ ವಿಭಾಗಕ್ಕೆ ಸೇರಿದರು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅಲ್ಲಿಗೆ ಬಂದು ಕಲಿಸಿದ್ದರು. ಮೃಣಾಲ್ ಸೇನ್ ಅವರ 'ಭುವನ್ ಶೋಮ್' 1969ರದ್ದು. ಗಂಭೀರ ಸಿನಿಮಾ, ಕಡಿಮೆ ದುಡ್ಡು, ಆದರೂ ಒಳಗೆ ಅನಿಮೇಷನ್ ಇದೆ. ಅದು ರಾಮ್ ಮೋಹನ್ ಕೆಲಸ. 1978ರ 'ಪತಿ ಪತ್ನಿ ಔರ್ ವೋ'ಗೂ ಅನಿಮೇಷನ್ ಮಾಡಿಕೊಟ್ಟರು. 1977ರಲ್ಲಿ ಸತ್ಯಜಿತ್ ರೇ 'ಶತರಂಜ್ ಕೆ ಖಿಲಾಡಿ'ಯಲ್ಲಿ ಇತಿಹಾಸ ಹೇಳುವುದಕ್ಕೆ ಕಾರ್ಟೂನ್ ಬಳಸಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಒಂದೊಂದು ರಾಜ್ಯವನ್ನೂ ಚೆರಿ ಹಣ್ಣಿನಂತೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಅದು ಟೈಟಲ್ ಅಲ್ಲ, ಕಥೆಯ ನಡುವೆ ಬರುತ್ತದೆ. ಆದರೆ ಉದ್ದೇಶ ಅದೇ: ನಟರನ್ನು ಇಟ್ಟು ತೋರಿಸಿದರೆ ಅರ್ಧ ಗಂಟೆ ಬೇಕಾಗುವುದನ್ನು ಗೆರೆಯಲ್ಲಿ ಎರಡೇ ನಿಮಿಷದಲ್ಲಿ ಹೇಳುವುದು.

ಕಾಗುಣಿತ
ರಾಮ್ ಮೋಹನ್ ಅಂದರೆ 'ಏಕ್ ಅನೇಕ್ ಔರ್ ಏಕ್ತಾ'ದಲ್ಲೂ ಇದ್ದರಲ್ವಾ? ದೂರದರ್ಶನದಲ್ಲಿ ಬರುತ್ತಿದ್ದ "ಏಕ್ ಚಿಡಿಯಾ". ನಾನು ಹಿಂದಿ ಕಲಿತದ್ದೇ ಅದರಿಂದ!

ಗೆರೆಗಾರ
ಇದ್ದರು. 1974ರ ಚಿತ್ರ. ನಿರ್ದೇಶನ ವಿಜಯಾ ಮುಳೆ, ವಿನ್ಯಾಸ ಭೀಮ್‌ಸೇನ್. ಹಾಡಿನ ಪುಟ್ಟ ಹುಡುಗಿ ಸಾಧನಾ ಸರ್ಗಮ್.

ಕಾಗುಣಿತ
ಸಾಧನಾ ಸರ್ಗಮ್ ಅಂತ ಗೊತ್ತಿರಲಿಲ್ಲ! ನಾಳೆ ಮಕ್ಕಳಿಗೆ ತೋರಿಸುತ್ತೇನೆ.

ಹಡ್ಸನ್_ಕನ್ನಡಿಗ
ಟಿವಿ ಕಡೆ ಬಂದರೆ, ಸೋನಿಯಲ್ಲಿ ಹಿಂದಿಗೆ ಡಬ್ ಆಗಿ ಬರುತ್ತಿದ್ದ 'ಐ ಡ್ರೀಮ್ ಆಫ್ ಜೀನಿ', 'ಬಿವಿಚ್ಡ್' ನೆನಪಿದೆಯಾ? ಎರಡಕ್ಕೂ ಕಾರ್ಟೂನ್ ಟೈಟಲ್. 'ಬಿವಿಚ್ಡ್' 1964ರದ್ದು, ಟೈಟಲ್ ಹಾನಾ-ಬಾರ್ಬೆರಾ ಸಂಸ್ಥೆಯದು. ಪೊರಕೆಯ ಮೇಲೆ ಹಾರುವ ಹೆಂಗಸು, ಮೂಗು ಅಲ್ಲಾಡಿಸಿದರೆ ಮಾಯೆ. 'ಜೀನಿ' ಮರುವರ್ಷ ಶುರುವಾಯಿತು. ಅದರ ಟೈಟಲ್ ನಮ್ಮ ಪಿಂಕ್ ಪ್ಯಾಂಥರ್‌ನವರದೇ. ಗಗನಯಾತ್ರಿ ದ್ವೀಪಕ್ಕೆ ಬಂದು ಬೀಳುತ್ತಾನೆ, ಬಾಟಲಿ ಸಿಗುತ್ತದೆ, ಜೀನಿ ಹೊರಗೆ ಬರುತ್ತಾಳೆ. ಮಧ್ಯದ ಯಾವುದೋ ಎಪಿಸೋಡ್‌ನಿಂದ ನೋಡಲು ಕೂತವರಿಗೂ ಒಂದು ನಿಮಿಷದಲ್ಲಿ ಕಥೆ ಗೊತ್ತಾಗಿಬಿಡುತ್ತದೆ. ಆಗ ಹಿಂದಿನ ಎಪಿಸೋಡ್ ಬೇಕೆಂದಾಗ ನೋಡುವ ದಾರಿ ಇರಲಿಲ್ಲ. ಟೈಟಲ್ ಆ ಕೆಲಸ ಮಾಡುತ್ತಿತ್ತು.

ಬೆಣ್ಣೆದೋಸೆ
ಜೀನಿ ನೋಡಿ ನನ್ನ ತಂಗಿ ಕೈಕಟ್ಟಿ ತಲೆ ಬಗ್ಗಿಸಿ ಕಣ್ಣು ಮಿಟುಕಿಸುವುದನ್ನು ದಿನಾ ಮಾಡುತ್ತಿದ್ದಳು. ಹೋಮ್‌ವರ್ಕ್ ತಾನಾಗಿ ಆಗಲಿ ಅಂತ.

ಕಡಲತಡಿ
ನನ್ನ ಪಟ್ಟಿಯಲ್ಲಿ ಮೊದಲು 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್', ಬಿಬಿಸಿ, 1969. ಟೆರ್ರಿ ಗಿಲಿಯಮ್ ಹಳೇ ಚಿತ್ರಗಳನ್ನು ಕತ್ತರಿಸಿ ಕತ್ತರಿಸಿ ಕುಣಿಸುತ್ತಿದ್ದರು. ಕೊನೆಗೆ ಮೇಲಿಂದ ಒಂದು ದೊಡ್ಡ ಪಾದ ಬಂದು ಎಲ್ಲವನ್ನೂ ಹೊಸಕಿ ಹಾಕುತ್ತದೆ. ಆ ಪಾದ ಯಾರದ್ದು ಗೊತ್ತಾ? ಬ್ರೊಂಜಿನೊ ಅನ್ನುವ ಇಟಲಿಯ ಕಲಾವಿದನ ವರ್ಣಚಿತ್ರದಲ್ಲಿರುವ ಪ್ರೇಮದೇವತೆ ಕ್ಯುಪಿಡ್‌ನದು. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಮುಂದೆ ನಿಂತಾಗ ನನಗೆ ಬೇರೇನೂ ಕಾಣಲಿಲ್ಲ, ಮೂಲೆಯ ಪಾದ ಮಾತ್ರ ಕಂಡಿತು.

ಹತ್ತುನಿಮಿಷ
'ಕ್ಯಾಚ್ ಮಿ ಇಫ್ ಯು ಕ್ಯಾನ್' ಯಾರೂ ಹೇಳಲಿಲ್ಲ? ಅದೊಂದನ್ನು ನಾನು ಸ್ಕಿಪ್ ಮಾಡಿಲ್ಲ.

ಗೆರೆಗಾರ
ನಾನು ಈ ಕೆಲಸಕ್ಕೆ ಬಂದದ್ದೇ ಅದನ್ನು ನೋಡಿ. 2002, ಸ್ಪೀಲ್‌ಬರ್ಗ್ ಸಿನಿಮಾ, ಜಾನ್ ವಿಲಿಯಮ್ಸ್ ಸಂಗೀತ. ಟೈಟಲ್ ಮಾಡಿದವರು ಕುಂಟ್ಜೆಲ್ ಮತ್ತು ಡೇಗಾ ಅನ್ನುವ ಫ್ರಾನ್ಸಿನ ಜೋಡಿ. ಕಂಪ್ಯೂಟರ್ ಎಷ್ಟು ಬೇಕಾದರೂ ಸಿಗುವ ಕಾಲದಲ್ಲಿ ಅವರು ಕೈಯಲ್ಲಿ ಅಚ್ಚು ಕೊರೆದು, ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತಿ ಮನುಷ್ಯರ ಆಕೃತಿ ಮಾಡಿದರು. ಅದಕ್ಕೇ ಅಂಚುಗಳು ಒರಟು. ಹೆಸರಿನ ಅಕ್ಷರದ ಕಾಲು ಉದ್ದಕ್ಕೆ ಬೆಳೆದು ಗೆರೆಯಾಗುತ್ತದೆ, ಆ ಗೆರೆಯೇ ಮೆಟ್ಟಿಲಾಗುತ್ತದೆ, ರಸ್ತೆಯಾಗುತ್ತದೆ. ಒಬ್ಬ ಓಡುತ್ತಾನೆ, ಇನ್ನೊಬ್ಬ ಬೆನ್ನಟ್ಟುತ್ತಾನೆ. ಇಡೀ ಸಿನಿಮಾದ ಕಥೆ ಅಷ್ಟೇ ತಾನೇ!

ರೀಲುಡಬ್ಬ
ಅದರಲ್ಲಿ ಸಾಲ್ ಬ್ಯಾಸ್ ನೆರಳು ಕಾಣುತ್ತದೆ. 2007ರ 'ಮ್ಯಾಡ್ ಮೆನ್' ಸೀರಿಯಲ್‌ನಲ್ಲೂ ಹಾಗೇ. ಸೂಟು ಹಾಕಿದ ಕಪ್ಪು ಆಕೃತಿ ಜಾಹೀರಾತುಗಳ ನಡುವೆ ಬೀಳುತ್ತಲೇ ಇರುತ್ತದೆ. ಬ್ಯಾಸ್ 1956ರಲ್ಲಿ 'ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್'ಗೆ ಕಾರ್ಟೂನ್ ಟೈಟಲ್ ಅನ್ನು ಸಿನಿಮಾದ ಕೊನೆಗೆ ಇಟ್ಟರು. ನೋಡಿ ಮುಗಿದ ಕಥೆಯನ್ನೇ ಗೆರೆಯಲ್ಲಿ ಇನ್ನೊಂದು ಸಲ ಹೇಳುತ್ತಾರೆ. ಎದ್ದು ಹೋಗುವವರನ್ನು ಕೂರಿಸುವುದು ಅಂದರೆ ಸಣ್ಣ ಕೆಲಸವಲ್ಲ.

ಕಬ್ಬಿನಗದ್ದೆ
ಗೆರೆಗಾರ ಅಣ್ಣ, ಅಕ್ಷರದ ಕಾಲು ಬೆಳೆಯುತ್ತದೆ ಅಂದಿರಲ್ಲ. ಕನ್ನಡದಲ್ಲಿ ಹಾಗೆ ಮಾಡಲು ಆಗಲ್ವಾ? ನೀವೇ ಮಾಡಿ.

ಗೆರೆಗಾರ
ಈ ಪ್ರಶ್ನೆಗೇ ಕಾಯುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಗ್ಲಿಷಿನಲ್ಲಿ ಅಕ್ಷರಗಳು ಬಿಡಿ ಬಿಡಿ. ಸಾಫ್ಟ್‌ವೇರಿಗೆ "ಒಂದೊಂದೇ ಅಕ್ಷರ ತೋರಿಸು" ಅಂದರೆ ಅಚ್ಚುಕಟ್ಟಾಗಿ ತೋರಿಸುತ್ತದೆ. ಕನ್ನಡ ಹಾಗಲ್ಲ. 'ನಿರ್ದೇಶನ' ಅನ್ನುವ ಪದ ತೆಗೆದುಕೊಳ್ಳಿ, ಪ್ರತಿ ಸಿನಿಮಾದಲ್ಲೂ ಬೇಕೇ ಬೇಕು. ಕಂಪ್ಯೂಟರ್ ಒಳಗೆ ಅದರ ಕ್ರಮ ನಿ, ರ, ಅರ್ಧಾಕ್ಷರದ ಗುರುತು, ದ, ಏತ್ವ, ಶ, ನ. ಟೈಪ್ ಆಗುವ ಹಾಗೆ ತೋರಿಸಿದರೆ ಮೊದಲು 'ನಿರ' ಬರುತ್ತದೆ. ಆಮೇಲೆ 'ನಿರ್'. ದ ಬಂದ ಕೂಡಲೇ ರ ಮಾಯ! ಅದು ಅರ್ಕಾವೊತ್ತಾಗಿ ದ ಪಕ್ಕಕ್ಕೆ ಹಾರಿ ಕೂರುತ್ತದೆ. ನೋಡುವವರ ಕಣ್ಣಿಗೆ ಅಕ್ಷರಗಳು ಗಲಿಬಿಲಿಯಾಗಿ ಕುಣಿದಂತೆ ಕಾಣುತ್ತದೆ. 'ಛಾಯಾಗ್ರಹಣ'ದಲ್ಲಿ ಗ ಒಂದು ಕಡೆಯಿಂದ, ಅದರ ಒತ್ತು ಇನ್ನೊಂದು ಕಡೆಯಿಂದ ಬರುತ್ತದೆ.

ಹಳೇ ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಕನ್ನಡ (ಈಗ ಮೊಬೈಲು, ವೆಬ್ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಹಾಕಿದರೆ ಒತ್ತಕ್ಷರ ಕೂಡುತ್ತಲೇ ಇರಲಿಲ್ಲ. ಅದಕ್ಕೆ ಎಲ್ಲರೂ ನುಡಿ, ಶ್ರೀಲಿಪಿ ತರಹದ ಹಳೇ ಫಾಂಟ್ ಬಳಸುತ್ತಿದ್ದೆವು. ಅದರಲ್ಲಿ ದೀರ್ಘ, ಒತ್ತು ಎಲ್ಲವೂ ಬೇರೆ ಬೇರೆ ತುಂಡು. ನಿಂತ ಹೆಸರಿಗೆ ಸರಿ, ಕುಣಿಸಲು ಹೋದರೆ ತುಂಡು ತುಂಡಾಗಿ ಚೆಲ್ಲುತ್ತದೆ.

ಹಾಗಾಗಿ ನಾವು ಏನು ಮಾಡುತ್ತೇವೆ? ಪದವನ್ನು ಆಕೃತಿಯಾಗಿ ಬದಲಾಯಿಸಿ, ಒಂದೊಂದು ಅಕ್ಷರವನ್ನೂ ಅದರ ಒತ್ತಿನ ಸಮೇತ ಕೈಯಿಂದ ಬಿಡಿಸಿ ಬೇರೆ ಬೇರೆ ಲೇಯರ್ ಮಾಡುತ್ತೇವೆ. 60 ಹೆಸರಿದ್ದರೆ 60 ಸಲ. ಕೊನೇ ದಿನ ಒಂದು ಹೆಸರಿನ ಇನಿಷಿಯಲ್ ಬದಲಾದರೆ ಮತ್ತೆ ಮೊದಲಿಂದ. ಒಂದು ಸಲ ನನಗೆ ನಾಲ್ಕು ದಿನ ಕೊಟ್ಟರು. ಸೆನ್ಸಾರ್‌ಗೆ ಕಾಪಿ ಹೋಗಬೇಕಿತ್ತು. ಹಗಲು ರಾತ್ರಿ ಕೂತು ಮಾಡಿಕೊಟ್ಟೆ. ಮುಗಿದ ಸಿನಿಮಾದಲ್ಲಿ ನನ್ನ ಟೈಟಲ್ ಅರ್ಧಕ್ಕೆ ಕತ್ತರಿಸಿದ್ದರು, ನನ್ನ ಹೆಸರು ಇರಲಿಲ್ಲ, ಅರ್ಧ ಸಂಬಳ ಇವತ್ತಿಗೂ ಬಂದಿಲ್ಲ. ನಮ್ಮವರಿಗೆ ಕೈ ಬರುವುದಿಲ್ಲ ಅಂತ ಅಲ್ಲ. ಟೈಟಲ್ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತಾರೆ, ಅಷ್ಟರಲ್ಲಿ ದುಡ್ಡೂ ದಿನವೂ ಎರಡೂ ಮುಗಿದಿರುತ್ತವೆ.

ಮೈಸೂರುಮಲ್ಲಿಗೆ
ಓದಿ ಬೇಜಾರಾಯಿತು. ನಿಮ್ಮ ಜೊತೆ ತಕ್ಕಡಿ ವಿಷಯಕ್ಕೆ ಜಗಳ ಆಡಿದೆನಲ್ಲ, ಕ್ಷಮಿಸಿ. ಮಾಲ್ಗುಡಿ ವಿಷಯದಲ್ಲಿ ಮಾತ್ರ ನನ್ನ ಮಾತು ಹಿಂದಕ್ಕಿಲ್ಲ!

ಕಾಗುಣಿತ
ಗೆರೆಗಾರರೇ, ನಾನು ಒಂದನೇ ತರಗತಿಗೆ ಪಾಠ ಮಾಡುವವಳು. ನಿಮಗೆ ತೊಡಕಾಗಿ ಕಂಡದ್ದು ನನಗೆ ಬೇರೆ ರೀತಿ ಕಾಣುತ್ತದೆ. ನಮ್ಮ ಅಕ್ಷರ ದುಂಡಗಿವೆ. ದುಂಡಗಿರುವುದು ಉರುಳುತ್ತದೆ, ಪುಟಿಯುತ್ತದೆ. ನನ್ನ ಮಕ್ಕಳಿಗೆ ಠ ಅಂದರೆ ಚೆಂಡು. ಸೊನ್ನೆ ಅಂದರೆ ಗೋಲಿ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಉರುಳಿಸುತ್ತಾರೆ. ಒತ್ತು ಅಂದರೆ ಅಮ್ಮನ ಕಾಲಡಿ ಕೂತ ಮಗು. ತಲೆಕಟ್ಟು ಅಂದರೆ ಪೇಟ, ಬೇಕೆಂದಾಗ ತೆಗೆದು ಹಾಕಬಹುದು. ಅರ್ಕಾವೊತ್ತು ಹಾರಿ ಪಕ್ಕಕ್ಕೆ ಹೋಗುತ್ತದೆ ಅಂದಿರಲ್ಲ, ಅದನ್ನು ಯಾಕೆ ಮುಚ್ಚಿಡಬೇಕು? ಹಾರುವುದನ್ನೇ ತೋರಿಸಿ! ರ ಓಡಿ ಬಂದು, ದ ತಲೆ ಮೇಲಿಂದ ಪಲ್ಟಿ ಹೊಡೆದು, ಆ ಕಡೆ ಹೋಗಿ ಬಾಲ ಸುತ್ತಿ ಕೂರಲಿ. ಮಕ್ಕಳಿಗೆ ಅರ್ಕಾವೊತ್ತು ಯಾಕೆ ಆಮೇಲೆ ಬರುತ್ತದೆ ಅನ್ನುವುದು ಜನ್ಮದಲ್ಲಿ ಮರೆಯುವುದಿಲ್ಲ. ಬೇರೆ ಭಾಷೆಯ ಟೈಟಲ್‌ನಂತೆ ಮಾಡಲು ಹೋದರೆ ತಾನೇ ಕಷ್ಟ.

ಗೆರೆಗಾರ
ಮೇಡಂ, ಇದನ್ನು ಎರಡು ಸಲ ಓದಿದೆ. ಹತ್ತು ವರ್ಷದಿಂದ ಅರ್ಕಾವೊತ್ತನ್ನು ಹಿಡಿದು ಕಟ್ಟಿ ಹಾಕುವುದು ಹೇಗೆ ಅಂತ ಮಾತ್ರ ಯೋಚಿಸಿದ್ದೆ. ಇವತ್ತು ರಾತ್ರಿಯೇ ಒಂದು ಸಣ್ಣ ಪ್ರಯತ್ನ ಮಾಡಿ ಇಲ್ಲಿ ಹಾಕುತ್ತೇನೆ.

ಕಬ್ಬಿನಗದ್ದೆ
ಪಲ್ಟಿ ಹೊಡೆಯುವ ರ ಬಂದರೆ ನಮ್ಮ ಮಂಡ್ಯದಲ್ಲಿ ನಿರ್ದೇಶಕರ ಹೆಸರಿಗೂ ಶಿಳ್ಳೆ ಗ್ಯಾರಂಟಿ. ನಾನೇ ಮೊದಲು ಹೊಡೆಯುತ್ತೇನೆ.

ಹಡ್ಸನ್_ಕನ್ನಡಿಗ
ಒಂದು ಮಾತು ಸೇರಿಸುತ್ತೇನೆ. ಈಗ ದೊಡ್ಡ ಸಿನಿಮಾಗಳಲ್ಲಿ ಶುರುವಿನ ಟೈಟಲ್ಲೇ ಕಡಿಮೆ ಆಗಿದೆ. ಹೆಸರುಗಳೆಲ್ಲ ಕೊನೆಗೆ ಹೋಗಿವೆ. 1977ರ 'ಸ್ಟಾರ್ ವಾರ್ಸ್'ನಲ್ಲಿ ಶುರುವಿನಲ್ಲಿ ನಿರ್ದೇಶಕರ ಹೆಸರೇ ಇರಲಿಲ್ಲ. ಅದರ ಮುಂದಿನ ಭಾಗಕ್ಕೂ ಹಾಗೇ ಮಾಡಿದಾಗ ಅಲ್ಲಿನ ನಿರ್ದೇಶಕರ ಸಂಘ ದಂಡ ಹಾಕಿತು. ನಮ್ಮಲ್ಲಿ ಇನ್ನೂ ಶುರುವಿನಲ್ಲೇ ಹೆಸರು ಹಾಕುತ್ತಾರೆ. ಜಾಗ ಇದೆ, ಸಮಯ ಇದೆ. ಬಳಸಿಕೊಳ್ಳಬೇಕು ಅಷ್ಟೇ.

ಕಡಲತಡಿ
ಆ ಜಾಗದಲ್ಲಿ ಈಗ 'ಕೃತಜ್ಞತೆಗಳು' ಪಟ್ಟಿ ಓಡುತ್ತದೆ. ಅದಕ್ಕೂ ಚಿತ್ರ ಬರೆದು ಕೊಟ್ಟರೆ ನಾನು ನೋಡುತ್ತೇನೆ.

ಸಾಗರದ_ಮಳೆ
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಸೆಕೆಂಡಿಗೆ 12 ಚಿತ್ರ ಅಂದದ್ದು ಅವಳಿಗೆ ಬಹಳ ಹಿಡಿಸಿತು. ಹಳೇ ಡೈರಿಯೊಂದರ ಮೂಲೆಯಲ್ಲಿ ಹಾಳೆಗೊಂದು ಕಪ್ಪೆ ಬರೆಯುತ್ತಾ ಕೂತಿದ್ದಾಳೆ. ಕಪ್ಪೆ ಅವಳ ಹೆಸರಿನ ಮೇಲೆ ಒಂದೊಂದೇ ಅಕ್ಷರ ಹಾರಿ ಹೋಗಬೇಕಂತೆ. 30 ಹಾಳೆ ಮುಗಿದಿದೆ, ಕಪ್ಪೆ ಇನ್ನೂ ಎರಡನೇ ಅಕ್ಷರದ ಒತ್ತಿನ ಹತ್ತಿರ ಇದೆ. ಆದರೆ ಹಾಳೆ ಬೇಗ ಬೇಗ ತಿರುವಿದರೆ ಕಪ್ಪೆ ನಡುಗಿದಂತೆ ಕಾಣುತ್ತದೆ. ಏನು ಮಾಡಬೇಕು?

ರೀಲುಡಬ್ಬ
ಕೊನೆಯ ಹಾಳೆಯಿಂದ ಶುರು ಮಾಡಿ ಮುಂದಕ್ಕೆ ಬರಲು ಹೇಳಿ ತಾಯಿ. ಆಗ ಕೆಳಗಿನ ಹಾಳೆಯ ಕಪ್ಪೆ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಗೆರೆ ಎಳೆದರೆ ನಡುಗುವುದಿಲ್ಲ. ಹಾಳೆ ತೀರಾ ದಪ್ಪ ಇರಬಾರದು. ಮತ್ತೆ ಪೆನ್ನು ಬೇಡ, ಪೆನ್ಸಿಲ್ ಕೊಡಿ.